ಷಷ್ಟ್ಯಬ್ದಿಯ ಅನಂತರದ ದಾಂಪತ್ಯ

ಪ್ರಭವಾದಿ ಅರವತ್ತು ಸಂವತ್ಸರಗಳು ಒಂದು ಸುತ್ತು ಮುಗಿಸಿ, ಹುಟ್ಟಿದ ಸಂವತ್ಸರವು ಮರಳಿ ಬಂದಾಗ ಆಚರಿಸುವುದು ಷಷ್ಟ್ಯಬ್ದಿ ಶಾಂತಿ. ಇದಕ್ಕೆ ಉಗ್ರರಥ ಶಾಂತಿಯೆಂದೂ ಹೆಸರು. ಎಪ್ಪತ್ತಕ್ಕೆ ಭೀಮರಥ ಶಾಂತಿ. ಸಾವಿರ ಹುಣ್ಣಿಮೆಗಳು ತುಂಬುವಾಗ, ಎಂದರೆ ಸುಮಾರು 80 ವರ್ಷ 10 ತಿಂಗಳಿಗೆ, ಸಹಸ್ರಚಂದ್ರದರ್ಶನ. ಕರ್ತೃವು ಸಪತ್ನೀಕನಾಗಿ ಕುಳಿತು ಸಂಕಲ್ಪ ಮಾಡುತ್ತಾನೆ. ಕಲಶೋದಕದ ಅಭಿಷೇಕ ಇಬ್ಬರಿಗೂ ಆಗುತ್ತದೆ. ಜನರು ಇದನ್ನು ಎರಡನೆಯ ಮದುವೆಯೆಂದು ಕರೆದು ಹಾರ, ಫೋಟೋಗಳಲ್ಲಿ ಮುಳುಗುವುದುಂಟು. ಪೂರ್ಣಾಹುತಿಯ ಹೊತ್ತಿಗೆ ಯಜಮಾನರನ್ನೇ ಹುಡುಕಿ ಕರೆತರಬೇಕು. ಅದಿರಲಿ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮನೆಗಳಿಗೆ ಈ ಶಾಂತಿಗಳಿಗೆಂದು ಹೋದಾಗ ನಾವು ಕಾಣುವ ಸಂಗತಿ ಬೇರೆ. ಮಕ್ಕಳು ಪುಣೆ, ಸೊಲ್ಲಾಪುರ, ಬೆಂಗಳೂರುಗಳಲ್ಲಿದ್ದಾರೆ. ಸೊಸೆಯ ಬಾಣಂತನಕ್ಕೆಂದು ಹೋದ ತಾಯಿ ಮೊಮ್ಮಗನು ಶಾಲೆ ಸೇರಿದರೂ ಅಲ್ಲಿಯೇ ಇರುತ್ತಾಳೆ. ತಂದೆಯು ಹೊಲ, ದೇವರ ಪೂಜೆಗಳೆಂದು ಊರಲ್ಲಿ ಒಬ್ಬನೇ, ಇಲ್ಲವೆ ಕಿರಿಯ ಮಗನ ಮನೆಯಲ್ಲಿ. ಯಾರ ಮನಸ್ಸಿನಲ್ಲಿಯೂ ಕೇಡಿಲ್ಲ, ಅನುಕೂಲಕ್ಕೆಂದು ಹೀಗಾಗಿದೆ. ಶಾಂತಿಯ ಮುನ್ನಾದಿನ ಆ ದಂಪತಿಗಳು ಬೇರೆ ಬೇರೆ ಬಸ್ಸುಗಳಲ್ಲಿ ಬಂದಿಳಿಯುತ್ತಾರೆ; ಮರುದಿನ ಹಾಗೆಯೇ ಮರಳುತ್ತಾರೆ.

ಪತ್ನಿಯನ್ನು ಪುತ್ರರಿಗೆ ಒಪ್ಪಿಸಬಹುದೆಂದು ಮನುವೇ ಹೇಳಿರುವನಲ್ಲವೆ ಎಂದು ಕೆಲವರು ಕೇಳುವರು. ಹೇಳಿರುವುದು ನಿಜ, ಆದರೆ ವಾನಪ್ರಸ್ಥಕ್ಕೆ ಹೊರಟವನಿಗೆ. ಅವನಿಗೂ ಪತ್ನೀಸಮೇತ ಹೋಗುವ ಪಕ್ಷವನ್ನು ಅಲ್ಲಿಯೇ ಕೊಟ್ಟಿದೆ. ಇನ್ನೊಬ್ಬ ಮಗನ ಮನೆಯಲ್ಲಿ ಎರಡು ಹೊತ್ತು ಚಹ ಕುಡಿದುಕೊಂಡಿರುವವನನ್ನು ವಾನಪ್ರಸ್ಥನೆಂದು ಕರೆಯಲಾಗದು.

ಬೃಹದಾರಣ್ಯಕೋಪನಿಷತ್ತಿನಲ್ಲಿ ಯಾಜ್ಞವಲ್ಕ್ಯರು ಮನೆಬಿಟ್ಟು ಹೊರಡುವ ಸಂದರ್ಭವು ಎರಡು ಸಲ ಬರುತ್ತದೆ. ಹೊರಟು ನಿಂತವರೂ ಹೇಳದೆ ಹೋಗಲಿಲ್ಲ. ಮೈತ್ರೇಯಿಯನ್ನು ಕರೆದು, ಕಾತ್ಯಾಯನಿಗೂ ಅವಳಿಗೂ ವ್ಯವಸ್ಥೆ ಮಾಡುವೆನೆಂದರು. ಅವಳು ಸಂಪತ್ತನ್ನು ಒಲ್ಲದೆ ಅಮೃತತ್ವವನ್ನು ಕೇಳಿದಾಗ, ಪ್ರೀತಿಯಿಂದ ಹತ್ತಿರ ಕೂಡಿಸಿಕೊಂಡು ಉಪದೇಶಿಸಿದರು. ಪತಿಯು ಪ್ರಿಯನಾಗುವುದು ಪತಿಯ ಇಚ್ಛೆಯಿಂದಲ್ಲ, ಪರಮಾತ್ಮನ ಇಚ್ಛೆಯಿಂದ ಎಂದು ಶ್ರೀಮದಾಚಾರ್ಯರ ಭಾಷ್ಯವು ಅಲ್ಲಿಯ ಮಾತಿಗೆ ಅರ್ಥ ಹೇಳುತ್ತದೆ. ಪತ್ನಿಯ ವಿಷಯದಲ್ಲಿಯೂ ಇದೇ ನ್ಯಾಯ. ನಲವತ್ತು ವರ್ಷ ಉಳಿದುಬಂದ ಪ್ರೀತಿಯು ಆ ದಂಪತಿಗಳ ಸಾಮರ್ಥ್ಯವಲ್ಲ, ಭಗವಂತನು ಕೊಟ್ಟದ್ದು. ಕೊಟ್ಟದ್ದನ್ನು ಮಕ್ಕಳು ತಮ್ಮ ಅನುಕೂಲಕ್ಕಾಗಿ ಎರಡು ಊರುಗಳಿಗೆ ಹಂಚುವಾಗ, ಆ ಇಬ್ಬರನ್ನೂ ಒಂದು ಮಾತು ಕೇಳಿದವರುಂಟೆ?

ಚಾತುರ್ಮಾಸ್ಯದಲ್ಲಿ ಈ ಅಗಲಿಕೆ ಹೆಚ್ಚು ತೋರುತ್ತದೆ. ಮೊದಲ ತಿಂಗಳು ಶಾಕವ್ರತ, ಆಮೇಲೆ ದಧಿ, ಕ್ಷೀರ, ದ್ವಿದಳ. ಹುಣಸೆ, ಒಣಮೆಣಸಿನಕಾಯಿ ಬಿಟ್ಟು ಕಾಳುಮೆಣಸಿನ ಸಾರು ಮಾಡುವ ಕೈ ಪುಣೆಯಲ್ಲಿ, ಉಣ್ಣುವ ಬಾಯಿ ಬಾಗೇವಾಡಿಯಲ್ಲಿ. ಅಲ್ಲಿ ಸೊಸೆಯ ಅಡಿಗೆಮನೆಯಲ್ಲಿ ಅತ್ತೆಯ ವ್ರತಕ್ಕೆ ಇನ್ನೊಂದು ಒಲೆ ಹಚ್ಚಲು ಸಂಕೋಚ. ಇಲ್ಲಿ ಒಬ್ಬನಿಗಾಗಿ ಏನು ಮಾಡುವುದೆಂದು ಮುದುಕನು ಅವಲಕ್ಕಿ, ಮಜ್ಜಿಗೆಯಲ್ಲಿ ದಿನ ಕಳೆಯುತ್ತಾನೆ. ಏಕಾದಶಿಯ ಉಪವಾಸಕ್ಕೆ ಸಕ್ಕರೆ ಕಾಯಿಲೆಯ ಗುಳಿಗೆ ಹೇಗೆಂದು ವೈದ್ಯರನ್ನು ಕೇಳಿಕೊಂಡು ಬರುವವರು, ದ್ವಾದಶಿಯ ಪಾರಣೆಗೆ ನಸುಕಿನಲ್ಲಿ ಎಬ್ಬಿಸುವವರು ಯಾರು? ಇಂಥ ಸಣ್ಣ ಸೇವೆಗಳು ಸಹಧರ್ಮದಿಂದ ಹೊರಗಿನವಲ್ಲ.

2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ಅನ್ನ, ವಸ್ತ್ರ, ವಸತಿ, ಔಷಧೋಪಚಾರಗಳನ್ನು ಹೇಳುತ್ತದೆ. ದಂಪತಿಗಳನ್ನು ಒಂದೆಡೆ ಇಡುವ ಕೆಲಸ ಮನೆಯವರದೇ. ಯಾಜ್ಞವಲ್ಕ್ಯಸ್ಮೃತಿಗೆ ಕಲ್ಯಾಣದಲ್ಲಿ ಮಿತಾಕ್ಷರಾ ಬರೆದ ವಿಜ್ಞಾನೇಶ್ವರರು, ತಂದೆಯು ಮಕ್ಕಳಿಗೆ ಸಮಪಾಲು ಮಾಡುವಾಗ ಸ್ತ್ರೀಧನ ಪಡೆಯದ ಪತ್ನಿಗೂ ಅಷ್ಟೇ ಪಾಲು ಸಲ್ಲಬೇಕೆನ್ನುತ್ತಾರೆ. 1956ರವರೆಗೆ ನಮ್ಮ ಜಿಲ್ಲೆಯಿದ್ದ ಮುಂಬಯಿ ಸೀಮೆಯಲ್ಲಿ ಈ ನಿಯಮವು ಬಳಕೆಯಲ್ಲಿಯೂ ಇತ್ತು. ಆದುದರಿಂದ ವಾಟಣಿಯ ಕಾಗದದಲ್ಲಿ ಹೊಲ, ಬಾವಿ, ಬಂಗಾರಗಳನ್ನು ಬರೆಯಿಸುವ ಹಿರಿಯರು, ಇಬ್ಬರೂ ಕೂಡಿ ಇರಲು ಊರಮನೆಯ ಒಂದು ಖೋಲಿ, ಒಂದು ಅಡಿಗೆಮನೆಯನ್ನು ತಮ್ಮಿಬ್ಬರ ಹೆಸರಿಗೇ ಇಟ್ಟುಕೊಳ್ಳಬೇಕು. ಮಕ್ಕಳು ಹಬ್ಬಕ್ಕೆ ಬಂದರೆ ಅಲ್ಲಿಗೇ ಬರಲಿ.