ಒಂದನೇ ತರಗತಿಗೆ ಹಕ್ಕಿ ವಾರ

ಚಿಕ್ಕ ಮಕ್ಕಳು ಹಕ್ಕಿ ಕಂಡ್ರೆ ಕಲ್ಲು ಹೊಡೀತಾರೆ. ಬೈದರೂ ಬಿಡೋದಿಲ್ಲ. ಹಕ್ಕಿಗಳ ಪರಿಚಯವಾದರೆ ಬಿಡಬಹುದು ಅಂತ ನಾನು 6 ದಿನದ ಪಾಠ ಯೋಚಿಸಿದ್ದೇನೆ.

ಸೋಮವಾರ: ಕಾಗೆ, ಗುಬ್ಬಿ, ಗೊರವಂಕ ನೋಡಿ ಹೆಸರು ಹೇಳುವುದು.

ಮಂಗಳವಾರ: ಕೂಗು ಕೇಳುವುದು. ಕುಹೂ ಎನ್ನುವುದು ಗಂಡು ಕೋಗಿಲೆ.

ಬುಧವಾರ: ಕೊಕ್ಕಿನ ಚಿತ್ರ. ಗಿಳಿಯದು ಬಾಗಿದೆ, ಬೀಜ ಒಡೆಯಲು. ಕೊಕ್ಕರೆಯದು ಉದ್ದ, ಮೀನು ಹಿಡಿಯಲು.

ಗುರುವಾರ: ಹುಲ್ಲಿನಿಂದ ಗೂಡು ಹೆಣೆಯುವುದು. ಗೀಜಗದಲ್ಲಿ ಗೂಡು ಹೆಣೆಯುವುದು ಗಂಡು ಹಕ್ಕಿ. ಮೊಟ್ಟೆ, ಮರಿ ಇರುವ ಗೂಡು ಮುಟ್ಟಬಾರದು.

ಶುಕ್ರವಾರ: ನಮ್ಮ ರಾಜ್ಯಪಕ್ಷಿ ನೀಲಕಂಠ. ಹೊಲದ ಹುಳ ತಿಂದು ರೈತರಿಗೆ ಸಹಾಯ ಮಾಡುತ್ತದೆ.

ಶನಿವಾರ: ಮರದ ಕೆಳಗೆ ಮಣ್ಣಿನ ತಟ್ಟೆಯಲ್ಲಿ ನೀರು ಇಡುವುದು. ಆಮೇಲೆ ದಿನಕ್ಕೊಬ್ಬರು ತುಂಬಬೇಕು.

ಗುರುಗಳೇ, ಒಪ್ಪಿಗೆ ಕೊಟ್ಟರೆ ಪ್ರಾರ್ಥನೆ ಆದಮೇಲೆ ಅರ್ಧ ಗಂಟೆ ನಾವೇ ಕಲಿಸುತ್ತೇವೆ. ಗೆಳೆಯರೇ, ಯಾರ್ಯಾರು ಬರ್ತೀರಿ?