ಮುಟ್ಟು ನಿಲ್ಲುವ ಮಾತು: ಸಂಘದ ಸಭೆಯಲ್ಲಿ ಹೇಗೆ ಎತ್ತಬೇಕು?

ವರವು ಕಾವಲಿನ ಸುತ್ತಲಿನ ಹಳ್ಳಿಗಳಲ್ಲಿ ಮುಟ್ಟು ನಿಂತಿತೆಂದು ಅಳುವ ಹೆಂಗಸರು ಕಡಿಮೆ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಪ್ರತಿ ತಿಂಗಳೂ ಹಟ್ಟಿಯ ಹೊರಗೆ ದಿನ ಕಳೆದು ಬಂದವಳಿಗೆ ಅದು ಬಿಡುಗಡೆ. ದೇವರ ಕೆಲಸಕ್ಕೆ ಕೈಹಾಕಬಹುದು, ಜಾತ್ರೆಯ ದಿನ ಲೆಕ್ಕ ಹಾಕಿ ಹೆದರಬೇಕಿಲ್ಲ. ‘ಪೀಡೆ ಕಳೀತು ಬಿಡಕ್ಕ’ ಎಂಬ ಮಾತಿನಲ್ಲಿ ಸುಳ್ಳೇನಿಲ್ಲ. ಪೇಟೆಯಲ್ಲಿ ಅಚ್ಚಾದ ಕರಪತ್ರ ಹಿಡಿದು ‘ಋತುಬಂಧದ ಸಮಸ್ಯೆಗಳು’ ಎಂದು ಶುರುಮಾಡಿದರೆ ಇಲ್ಲಿ ಯಾರೂ ಕಿವಿಗೊಡದಿರುವುದು ಇದಕ್ಕೇ. ಆದರೆ ನಿಂತಾಯಿತೆಂಬ ಆ ನಿರಾಳದಲ್ಲೇ, ಆಮೇಲೆ ಕಾಣುವ ರಕ್ತವನ್ನು ಹೆಂಗಸರು ಮುಚ್ಚಿಡುತ್ತಾರೆ. ಆಶಾ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘದ ಪ್ರತಿನಿಧಿಗಳು ಸಭೆಯಲ್ಲಿ ಬೇರೇನು ಬಿಟ್ಟರೂ ಇದೊಂದನ್ನು ಬಿಡಬಾರದು.

ಸಭೆ ಎಲ್ಲಿ, ಯಾವಾಗ

ಶೇಂಗಾ ಕೀಳುವ ದಿನಗಳಲ್ಲಿ ಬೇಡ. ಉಳಿತಾಯದ ಹಣ ಎಣಿಸಿ, ಪುಸ್ತಕಕ್ಕೆ ಬರೆದಾದ ಮೇಲೆ ಅರ್ಧ ಗಂಟೆ ಕೇಳಿ. ದೇವಸ್ಥಾನದ ಕಟ್ಟೆಯ ಮೇಲೆ ಈ ಮಾತು ಬಾಯಿಗೆ ಬರುವುದಿಲ್ಲ. ಅಂಗನವಾಡಿ ಕೋಣೆ ಆಗುತ್ತದೆ, ಬಾಗಿಲು ಮುಂದಕ್ಕೆ ಹಾಕುವಂತಿದ್ದರೆ ಇನ್ನೂ ಒಳ್ಳೆಯದು. ಅತ್ತೆ ಸೊಸೆ ಒಂದೇ ಸಾಲಿನಲ್ಲಿ ಕೂತರೆ ಇಬ್ಬರ ಬಾಯಿಯೂ ಬಿಚ್ಚುವುದಿಲ್ಲ. ನಲವತ್ತು ದಾಟಿದವರನ್ನೇ ಮೊದಲು ಕರೆಯಿರಿ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯನ್ನೋ ಸಿಸ್ಟರನ್ನೋ ಮುಂಚೆಯೇ ಹೇಳಿ ಕರೆಸಿಕೊಳ್ಳಿ.

ಮೊದಲ ಪ್ರಶ್ನೆ

‘ಏನು ತೊಂದರೆ?’ ಎನ್ನಬೇಡಿ. ‘ನಿಮಗೆ ನಿಂತು ಎಷ್ಟು ವರ್ಷ ಆಯ್ತಕ್ಕ?’ ಎಂದು ಹಿರಿಯಳೊಬ್ಬಳನ್ನು ಕೇಳಿ. ವಯಸ್ಸಿನ ಲೆಕ್ಕಕ್ಕೆ ಆಧಾರ್ ಕಾರ್ಡ್ ನಂಬುವ ಹಾಗಿಲ್ಲ. ಅದರಲ್ಲಿ ಎಷ್ಟೋ ಮಂದಿ ಜನವರಿ 1ರಂದೇ ಹುಟ್ಟಿದ್ದಾರೆ. ಹಿರಿ ಮಗನಿಗೋ ಮಗಳಿಗೋ ಈಗ ಎಷ್ಟು, ಆ ಕೂಸು ಹುಟ್ಟಿದಾಗ ಮದುವೆಯಾಗಿ ಎಷ್ಟು ವರ್ಷವಾಗಿತ್ತು ಎಂದು ಕೇಳಿದರೆ ಹತ್ತಿರದ ಲೆಕ್ಕ ಸಿಗುತ್ತದೆ. ನಮ್ಮ ದೇಶದಲ್ಲಿ ಸರಾಸರಿ 46–47ರ ಹೊತ್ತಿಗೆ ಮುಟ್ಟು ನಿಲ್ಲುತ್ತದೆ. 40ಕ್ಕೆ ಮೊದಲೇ ನಿಂತವಳಿಗೆ ಪುಣ್ಯವಂತೆ ಎನ್ನುವ ಬದಲು ಡಾಕ್ಟರ ಹತ್ತಿರ ಹೋಗಲು ಹೇಳಿ. ಅಷ್ಟು ಬೇಗ ನಿಂತರೆ ಮೂಳೆಗೂ ಹೃದಯಕ್ಕೂ ಹೊಡೆತ.

ಒಂದು ವರ್ಷದ ಲೆಕ್ಕ

ಎರಡು ತಿಂಗಳು ಆಗದಿದ್ದರೆ ನಿಂತಿತು ಎಂದಲ್ಲ. ನಿಲ್ಲುವ ಮುಂಚೆ ಕೆಲವು ವರ್ಷ ಏರುಪೇರು ಇರುತ್ತದೆ: ಒಮ್ಮೆ ಬೇಗ, ಒಮ್ಮೆ ತಡ, ಒಮ್ಮೆ ಹೆಚ್ಚು. ಪೂರ್ತಿ ಹನ್ನೆರಡು ತಿಂಗಳು ಕಾಣಿಸದಿದ್ದರೆ ಮಾತ್ರ ನಿಂತಂತೆ. ಗೋಡೆಯ ಕ್ಯಾಲೆಂಡರಿನಲ್ಲಿ ಗುಂಡು ಹಾಕುವುದು ಸುಲಭ. ಓದು ಬಾರದವರಿಗೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯೇ ಗುರುತು: ಈ ಜಾತ್ರೆಯ ಹೊತ್ತಿಗೆ ಕೊನೆಯದಾಗಿ ಆಗಿದ್ದರೆ ಮುಂದಿನ ಜಾತ್ರೆವರೆಗೆ ಕಾಯಬೇಕು. ಮಕ್ಕಳ ಆಪರೇಷನ್ ಆಗದವರಿಗೆ ಇನ್ನೊಂದು ಮಾತು. ಈ ಏರುಪೇರಿನ ಕಾಲದಲ್ಲೂ ಬಸಿರು ನಿಲ್ಲಬಹುದು. ಮೊಮ್ಮಕ್ಕಳಿರುವಾಗ ಹೀಗಾದರೆ ಪಡುವ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

ಕೆಟ್ಟ ರಕ್ತ ಎಲ್ಲಿ ಹೋಗುತ್ತದೆ?

ಈ ಪ್ರಶ್ನೆ ಬಂದೇ ಬರುತ್ತದೆ. ಹೊರಗೆ ಹೋಗಬೇಕಾದ್ದು ಮೈಯಲ್ಲೇ ನಿಂತು ಗಂಟಾಗುತ್ತದೆ, ಬೊಜ್ಜಾಗುತ್ತದೆ ಎಂಬ ಭಯ ಗಟ್ಟಿಯಾಗಿದೆ. ನೇರವಾಗಿ ಹೇಳಿ: ಮುಟ್ಟಿನ ರಕ್ತ ಕೆಟ್ಟದ್ದಲ್ಲ. ಗರ್ಭಕೋಶ ತಿಂಗಳು ತಿಂಗಳೂ ಕೂಸಿಗೆಂದು ಹಾಸಿಗೆ ಹಾಸುತ್ತದೆ, ಕೂಸು ಬರದಿದ್ದರೆ ತೆಗೆದುಹಾಕುತ್ತದೆ. ಅಂಡಾಶಯದ ಹಾರ್ಮೋನು ಕಡಿಮೆಯಾದ ಮೇಲೆ ಹಾಸುವುದೇ ಇಲ್ಲ, ಇನ್ನು ಒಳಗೆ ಸೇರಿಕೊಳ್ಳಲು ಏನಿದೆ? ಮಕ್ಕಳ ಆಪರೇಷನ್ ಆದದ್ದಕ್ಕೆ ಬೇಗ ನಿಂತಿತು ಎಂಬುದೂ ತಪ್ಪು. ಅದರಲ್ಲಿ ನಾಳ ಕಟ್ಟುತ್ತಾರೆ, ಅಂಡಾಶಯ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ.

‘ಉಷ್ಣಕ್ಕೆ ಮತ್ತೆ ಆಯ್ತು’

ಇಲ್ಲಿ ನಿಧಾನಿಸಿ. ವರ್ಷ ಕಳೆದ ಮೇಲೆ ರಕ್ತ ಕಂಡರೆ ಅದು ಮುಟ್ಟಲ್ಲ. ಉಷ್ಣವೂ ಅಲ್ಲ, ದೇವರ ಮುನಿಸೂ ಅಲ್ಲ. ಒಂದು ಹನಿಯಾಗಲಿ, ಒಂದೇ ದಿನವಾಗಲಿ, ನೋವಿಲ್ಲದಿರಲಿ, ಸ್ತ್ರೀರೋಗ ತಜ್ಞರಿಗೆ ತೋರಿಸಲೇಬೇಕು. ಅವರು ಸ್ಕ್ಯಾನ್ ಮಾಡಿ ಗರ್ಭಕೋಶದ ಒಳಪದರ ಎಷ್ಟು ದಪ್ಪವಿದೆ ನೋಡುತ್ತಾರೆ, ಅನುಮಾನವಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಹೀಗೆ ಬಂದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ಸಣ್ಣ ಕಾರಣವೇ ಇರುತ್ತದೆ. ಉಳಿದವಳಿಗೆ ಗರ್ಭಕೋಶದ ಕ್ಯಾನ್ಸರ್ ಇರಬಹುದು; ಬೇಗ ಸಿಕ್ಕರೆ ಬಹುಮಟ್ಟಿಗೆ ವಾಸಿಯಾಗುವ ಕ್ಯಾನ್ಸರ್ ಅದು.

ಹೇಳಿದರೆ ಮತ್ತೆ ಹೊರಗಿರು ಎಂದಾರೆಂಬ ಅಂಜಿಕೆಯೂ ಬಾಯಿ ಕಟ್ಟುತ್ತದೆ. ಮುಟ್ಟಾದವಳನ್ನು ಹೊರಗಿಡಲು ಬಲವಂತ ಮಾಡುವುದು 2017ರ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ. ಆದರೆ ಸಭೆಯಲ್ಲಿ ಕಾಯ್ದೆಯಿಂದ ಶುರುಮಾಡಿದರೆ ಹಟ್ಟಿಯ ಹಿರಿಯರು ಮುಂದಿನ ಸಭೆಗೇ ಕಳಿಸಲಿಕ್ಕಿಲ್ಲ. ‘ಇದು ಮುಟ್ಟಲ್ಲ, ಕಾಯಿಲೆ, ಆಸ್ಪತ್ರೆಗೆ ಹೋಗುವುದು’ ಎನ್ನಿ. ಆ ಹೆಂಗಸಿಗೆ ಅಂದು ಬೇಕಾದದ್ದು ಬಸ್ಸು ಹತ್ತುವ ದಾರಿ.

ಗರ್ಭಕೋಶ ತೆಗೆಸಿಬಿಟ್ಟರೆ?

‘ಮಕ್ಕಳಾದವಲ್ಲ, ಇನ್ಯಾಕೆ ಆ ಚೀಲ’ ಎಂಬ ಸಲಹೆ ನೆಂಟರಿಂದಲೂ ಬರುತ್ತದೆ, ಕೆಲವು ಆಸ್ಪತ್ರೆಗಳಿಂದಲೂ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಲಂಬಾಣಿ ಹೆಂಗಸರ ಗರ್ಭಕೋಶವನ್ನೇ ತೆಗೆದ ದೂರುಗಳು 2015ರ ಹೊತ್ತಿಗೆ ಸರ್ಕಾರದ ತನಿಖೆಯವರೆಗೆ ಹೋದವು. ಬೇಡದ ಇಂಥ ಆಪರೇಷನ್‌ಗಳನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಿತು. ಕೆಲವರಿಗೆ ಈ ಆಪರೇಷನ್ ನಿಜವಾಗಿಯೂ ಬೇಕಾಗುತ್ತದೆ. ಆದರೆ ಒಪ್ಪಿಗೆಯ ಹೆಬ್ಬೆಟ್ಟು ಒತ್ತುವ ಮುನ್ನ ಮೂರು ಪ್ರಶ್ನೆ ಕೇಳಲು ಕಲಿಸಿ: ಏನು ಕಾಯಿಲೆ? ಮಾತ್ರೆಯಿಂದ ಆಗದೆ? ಅಂಡಾಶಯವನ್ನೂ ತೆಗೆಯುತ್ತೀರಾ? ಎರಡೂ ಅಂಡಾಶಯ ತೆಗೆದರೆ, ನಿಧಾನವಾಗಿ ಬರಬೇಕಾದ ಬದಲಾವಣೆ ಒಂದೇ ದಿನದಲ್ಲಿ ಮೈಮೇಲೆ ಬೀಳುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಇನ್ನೊಬ್ಬ ಡಾಕ್ಟರನ್ನು ಕೇಳುವುದು ಯಾರಿಗೂ ಅವಮಾನವಲ್ಲ.

ಉರಿ, ನಿದ್ದೆ, ಸಿಟ್ಟು

ಚಳ್ಳಕೆರೆಯ ಬಿಸಿಲಿಗೆ ಬೆವರದವರಿಲ್ಲ. ಮುಟ್ಟು ನಿಲ್ಲುವಾಗಿನ ಉರಿ ಬೇರೆ: ನೆರಳಲ್ಲಿ ಕೂತಿದ್ದರೂ ಎದೆಯಿಂದ ಮುಖಕ್ಕೆ ದಿಢೀರನೆ ಕಾವೇರುತ್ತದೆ, ಕೆಲವು ನಿಮಿಷ ಬೆವರಿಳಿದು ಆಮೇಲೆ ಚಳಿಯಾಗುತ್ತದೆ. ರಾತ್ರಿ ಹೀಗಾದರೆ ನಿದ್ದೆ ಕೆಡುತ್ತದೆ, ನಿದ್ದೆಗೆಟ್ಟವಳಿಗೆ ಸಿಟ್ಟು ಬರುತ್ತದೆ. ಅದನ್ನು ಗಾಳಿ ಸೋಕಿತು ಎಂದು ತಾಯತ ಕಟ್ಟಿಸಿ ಪ್ರಯೋಜನವಿಲ್ಲ. ಹತ್ತಿಯ ಬಟ್ಟೆ, ಕಡಿಮೆ ಖಾರ, ಕಡಿಮೆ ಟೀ ಕೆಲವರಿಗೆ ಸಾಕಾಗುತ್ತದೆ. ತಡೆಯಲಾಗದಿದ್ದರೆ ಹಾರ್ಮೋನ್ ಮಾತ್ರೆ ಇದೆ. 60ರ ಒಳಗಿನವರಿಗೆ, ನಿಂತು ಹತ್ತು ವರ್ಷ ಆಗದವರಿಗೆ ಸಾಮಾನ್ಯವಾಗಿ ಅದರಿಂದ ಹಾನಿಗಿಂತ ಲಾಭವೇ ಹೆಚ್ಚು. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟಿದ್ದವರಿಗೆ ಅದನ್ನು ಕೊಡುವುದಿಲ್ಲ. ಹಾಗಾಗಿ ಮೆಡಿಕಲ್ ಸ್ಟೋರಿನಲ್ಲಿ ನೇರವಾಗಿ ಕೇಳಿ ತರುವ ಮಾತ್ರೆ ಅದಲ್ಲ.

ಗಂಡನ ಜೊತೆ ಸೇರುವಾಗ ನೋವು, ಮೂತ್ರ ಉರಿ, ಕೆಮ್ಮಿದರೆ ಹನಿಯುವುದು, ಇವನ್ನು ಸಭೆಯಲ್ಲಿ ಯಾರೂ ಎತ್ತುವುದಿಲ್ಲ. ನೀವೇ ಎತ್ತಿ, ಇದಕ್ಕೆ ಮುಲಾಮಿದೆ, ವ್ಯಾಯಾಮವಿದೆ ಎಂದು ಹೇಳಿ ಮುಂದಕ್ಕೆ ಹೋಗಿ. ಬೇಕಾದವರು ಆಮೇಲೆ ನಿಮ್ಮನ್ನು ಒಬ್ಬರೇ ಹುಡುಕಿಕೊಂಡು ಬರುತ್ತಾರೆ.

ಮೂಳೆ, ನೀರು

ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ. ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ 350ರ ಆಸುಪಾಸು ಸಿಗುತ್ತದೆ. ಉಳಿದದ್ದಕ್ಕೆ ಮಜ್ಜಿಗೆ, ಸೊಪ್ಪು, ಎಳ್ಳು. ಮುದ್ದೆ ಬಿಟ್ಟು ಬರೀ ರೇಷನ್ ಅಕ್ಕಿಗೆ ಬಂದ ಮನೆಗಳಲ್ಲಿ ಈ ಮಾತು ಒತ್ತಿ ಹೇಳಿ. ಮೊಳಕಾಲ್ಮುರಿನಲ್ಲಿ ಇಡೀ ದಿನ ಮಗ್ಗದ ಮನೆಯೊಳಗೆ ಇರುವವರು ಸ್ವಲ್ಪ ಹೊತ್ತು ಬಿಸಿಲಿಗೂ ಬರಬೇಕು. ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಕಾಟವೂ ಇದೆ. ಗಂಟುನೋವು, ಬೆನ್ನು ಬಿಗಿತ ಮನೆಯ ಗಂಡಸರಿಗೂ ಇದ್ದರೆ ಕಾರಣ ನೀರಿನಲ್ಲಿರಬಹುದು. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ್ದನ್ನೇ ತರಲು ಹೇಳಿ.

ಸಭೆ ಮುಗಿಯುವ ಮುನ್ನ

30 ದಾಟಿದವರಿಗೆಲ್ಲ ಬಿಪಿ, ಸಕ್ಕರೆ, ಸ್ತನ ಮತ್ತು ಗರ್ಭಕೋಶದ ಬಾಯಿಯ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಉಚಿತ. ಅಲ್ಲೇ ಹೆಸರು ಬರೆದುಕೊಂಡು ದಿನ ಗೊತ್ತುಮಾಡಿ. ನಿಲ್ಲುವ ಮುಂಚೆ ಏಳು ದಿನ ದಾಟಿ ಹೋಗುವವರು, ಗಂಟೆಗೊಮ್ಮೆ ಬಟ್ಟೆ ಬದಲಿಸುವವರು ಇದ್ದರೆ ಅವರನ್ನು ಆ ದಿನಕ್ಕೆ ಕಾಯಿಸಬೇಡಿ, ಮರುದಿನವೇ ಕಳಿಸಿ ರಕ್ತ ಎಷ್ಟಿದೆ ನೋಡಿಸಿ. ವರ್ಷದ ಮೇಲೆ ರಕ್ತ ಕಂಡವರೊಂದಿಗೆ ಚಳ್ಳಕೆರೆಗೋ ಚಿತ್ರದುರ್ಗಕ್ಕೋ ಜೊತೆಗೆ ಹೋಗುವವರು ಯಾರು ಎಂಬುದೂ ಅಂದೇ ತೀರ್ಮಾನವಾಗಲಿ. ಫೋನಿನಲ್ಲಿ ಕೇಳಬೇಕೆಂದರೆ ಆರೋಗ್ಯ ಸಹಾಯವಾಣಿ 104.