ಪರದೆಯ ನಿದ್ದೆಗೆ ದಾಖಲೆ ಬರೆಯುವುದು ಹೇಗೆ?

ಲ್ಯಾಪ್‌ಟಾಪ್ ತೆರೆದು ಒಂದು ಪುಟ ಓದುತ್ತಾ ಕೂತಿದ್ದೀರಿ. ಪರದೆ ಬೆಳಗುತ್ತಿದೆ, ಅಕ್ಷರಗಳು ನಿಚ್ಚಳವಾಗಿವೆ. ಆದರೆ ಚಿತ್ರ ಕಳುಹಿಸುವ ಸರ್ಕ್ಯೂಟ್ ಅಷ್ಟರಲ್ಲೇ ತೂಕಡಿಸತೊಡಗಿರಬಹುದು. ಅದನ್ನು ಮಲಗಿಸಿ ಎಬ್ಬಿಸುವ ಹೊಣೆ ಗ್ರಾಫಿಕ್ಸ್ ಡ್ರೈವರ್‌ನದು. ಕೋಡ್ ಬರೆದವರಿಗೆ ಈ ಆಟ ಗೊತ್ತು. ಮುಂದೆ ಬಂದು ಕೈಹಾಕುವವರಿಗೆ ಗೊತ್ತಾಗಬೇಕಾದರೆ ದಾಖಲೆ ಬೇಕು. ಲಿನಕ್ಸ್ ಕರ್ನಲ್‌ಗೆ ಮೊದಲ ಪ್ಯಾಚ್ ಕಳುಹಿಸಲು ಹೊರಟ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಂಥ ದಾಖಲೆ ಬರೆಯುವುದು ಒಳ್ಳೆಯ ಆರಂಭ. ಇಂಟೆಲ್ ಚಿಪ್‌ಗಳ ಐ915 ಡ್ರೈವರ್ ಅನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

1. ಮೊದಲು ಹೆಸರುಗಳನ್ನು ಬೇರ್ಪಡಿಸಿ

'ಪವರ್ ಸೇವಿಂಗ್' ಎಂಬ ಒಂದೇ ಮಾತಿನ ಹಿಂದೆ ಮೂರು ಸಂಗತಿಗಳಿವೆ. ಡಿಪಿಎಂಎಸ್ ಎಂಬುದು ವೇಸಾ ಸಂಸ್ಥೆ 1993ರಲ್ಲಿ ಮಾನಿಟರ್‌ಗಳಿಗೆ ರೂಪಿಸಿದ ನಿಯಮ. ಆನ್, ಸ್ಟ್ಯಾಂಡ್‌ಬೈ, ಸಸ್ಪೆಂಡ್, ಆಫ್ ಎಂಬ ನಾಲ್ಕು ಸ್ಥಿತಿಗಳು ಅದರಲ್ಲಿವೆ. ಇಂದಿನ ಅಟಾಮಿಕ್ ಡ್ರೈವರ್‌ಗಳಿಗೆ ನಡುವಿನ ಎರಡೂ ಆಫ್‌ಗೆ ಸಮ. ಪಿಎಸ್‌ಆರ್ ಎಂದರೆ ಚಿತ್ರ ಬದಲಾಗದಿದ್ದಾಗ ಪ್ಯಾನೆಲ್ ತನ್ನದೇ ಮೆಮೊರಿಯಲ್ಲಿರುವ ಪ್ರತಿಯನ್ನು ತೋರಿಸುತ್ತಾ ಇರುವುದು. ಡಿಸಿ ಸ್ಥಿತಿಗಳು ಚಿಪ್‌ನೊಳಗಿನ ಡಿಸ್‌ಪ್ಲೇ ಎಂಜಿನ್‌ನ ನಿದ್ದೆಯ ಹಂತಗಳು. ನೀವು ಯಾವುದರ ಬಗ್ಗೆ ಬರೆಯುತ್ತಿದ್ದೀರಿ ಎಂಬುದು ಮೊದಲ ಸಾಲಿನಲ್ಲೇ ಸ್ಪಷ್ಟವಾಗಿರಲಿ.

2. ಪ್ರತಿ ಸ್ಥಿತಿಗೂ ನಾಲ್ಕು ಪ್ರಶ್ನೆ ಕೇಳಿ

ಯಾವಾಗ ಮಲಗುತ್ತದೆ? ಏನೇನು ಆಫ್ ಆಗುತ್ತದೆ? ರಿಜಿಸ್ಟರ್‌ಗಳಲ್ಲಿದ್ದ ಮಾಹಿತಿಯನ್ನು ಯಾರು ಕಾಪಾಡುತ್ತಾರೆ? ಯಾವುದು ಎಬ್ಬಿಸುತ್ತದೆ?

ಮೂರನೆಯ ಪ್ರಶ್ನೆಯನ್ನು ಬಿಟ್ಟುಬಿಡುವವರೇ ಹೆಚ್ಚು. ಡಿಸಿ5 ಮತ್ತು ಅದಕ್ಕಿಂತ ಆಳವಾದ ಡಿಸಿ6ರಲ್ಲಿ ಈ ಕೆಲಸ ಡಿಎಂಸಿ ಎಂಬ ಪುಟ್ಟ ಮೈಕ್ರೋಕಂಟ್ರೋಲರ್‌ನದು. ಇಂಟೆಲ್ ಗ್ರಾಫಿಕ್ಸ್‌ನ 9ನೇ ಪೀಳಿಗೆಯಿಂದ, ಅಂದರೆ 2015ರ ಸ್ಕೈಲೇಕ್‌ನಿಂದ, ಅದು ಬಂದಿದೆ. ಅದರ ಫರ್ಮ್‌ವೇರ್ ಲೋಡ್ ಆಗದಿದ್ದರೆ ಈ ನಿದ್ದೆಯೂ ಇಲ್ಲ. ಡಿಸಿ9 ಇರುವ ಚಿಪ್‌ಗಳಲ್ಲಿ ಕಥೆ ಬೇರೆ: ಪರದೆಯ ಕೆಲಸವನ್ನೆಲ್ಲ ಡ್ರೈವರ್ ಮೊದಲೇ ನಿಲ್ಲಿಸಿರಬೇಕು, ಎದ್ದಮೇಲೆ ಎಲ್ಲವನ್ನೂ ತಾನೇ ಮತ್ತೆ ಹೊಂದಿಸಬೇಕು. ಈ ವ್ಯತ್ಯಾಸ ದಾಖಲೆಯಲ್ಲಿ ಇಲ್ಲದಿದ್ದರೆ, ಮುಂದಿನವರು ಕರೆಂಟ್ ಇಲ್ಲದ ರಿಜಿಸ್ಟರ್ ಓದಲು ಹೋಗಿ ದಿನಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ.

3. ಯಂತ್ರದಲ್ಲಿ ನೋಡಿ, ಆಮೇಲೆ ಬರೆಯಿರಿ

ಡಿಬಗ್‌ಎಫ್‌ಎಸ್‌ನ ಡಿಆರ್‌ಐ ಫೋಲ್ಡರ್‌ನಲ್ಲಿ 'ಐ915 ಡಿಎಂಸಿ ಇನ್ಫೋ' ಎಂಬ ಫೈಲ್ ಇದೆ (ಪದಗಳ ನಡುವೆ ಅಂಡರ್‌ಸ್ಕೋರ್). ಫರ್ಮ್‌ವೇರ್ ಲೋಡ್ ಆಗಿದೆಯೇ, ಡಿಸಿ5ಕ್ಕೆ ಎಷ್ಟು ಸಲ ಹೋಗಿದೆ ಎಂಬುದು ಅಲ್ಲಿ ಸಿಗುತ್ತದೆ. ಓದಲು ರೂಟ್ ಅನುಮತಿ ಬೇಕು.

ಇಲ್ಲೊಂದು ಎಚ್ಚರಿಕೆ. ಅದೇ ಲ್ಯಾಪ್‌ಟಾಪ್‌ನ ಟರ್ಮಿನಲ್‌ನಲ್ಲಿ ಓದಿದರೆ, ಉತ್ತರ ಪರದೆಯ ಮೇಲೆ ಮೂಡುವುದರಿಂದಲೇ ಡಿಸ್‌ಪ್ಲೇ ಎಂಜಿನ್ ಎಚ್ಚರಗೊಳ್ಳುತ್ತದೆ. ಮಿನುಗುವ ಕರ್ಸರ್ ಕೂಡ ಸಾಕು. ಆದ್ದರಿಂದ ಇನ್ನೊಂದು ಕಂಪ್ಯೂಟರ್‌ನಿಂದ ಎಸ್‌ಎಸ್‌ಎಚ್ ಮೂಲಕ ಓದಿ. ಲೆಕ್ಕ ಏರದಿದ್ದರೆ ಅದಕ್ಕೆ ಎರಡು ವಿರುದ್ಧ ಅರ್ಥಗಳಿವೆ: ಒಂದೋ ಎಂಜಿನ್ ಮಲಗಲೇ ಇಲ್ಲ, ಇಲ್ಲವೇ ಒಮ್ಮೆ ಮಲಗಿದ್ದು ಎದ್ದೇ ಇಲ್ಲ. ಈ ಸಂಖ್ಯೆ ಎಣಿಸುವುದು ಎಷ್ಟು ಸಲ ಮಲಗಿತು ಎಂಬುದನ್ನು, ಎಷ್ಟು ಹೊತ್ತು ಮಲಗಿತು ಎಂಬುದನ್ನಲ್ಲ. ಇದನ್ನೂ ದಾಖಲೆಯಲ್ಲಿ ಸೇರಿಸಿ.

4. ಕೋಡ್‌ನ ಪಕ್ಕದಲ್ಲೇ ಬರೆಯಿರಿ

ಕರ್ನಲ್‌ನಲ್ಲಿ ಇಂಥ ದಾಖಲೆ ಸಾಮಾನ್ಯವಾಗಿ ಸೋರ್ಸ್ ಫೈಲ್‌ನ ಒಳಗೇ ಇರುತ್ತದೆ. ಓರೆಗೆರೆ, ಎರಡು ನಕ್ಷತ್ರಗಳಿಂದ ಕಾಮೆಂಟ್ ತೆರೆದು, 'ಡಿಒಸಿ' ಎಂದು ದೊಡ್ಡಕ್ಷರದಲ್ಲಿ ಬರೆದು ಕೋಲನ್ ಹಾಕಿ ಶೀರ್ಷಿಕೆ ಕೊಡಿ. ಡಾಕ್ಯುಮೆಂಟೇಶನ್ ಫೋಲ್ಡರ್‌ನ ಜಿಪಿಯು ವಿಭಾಗದಲ್ಲಿರುವ ಐ915 ಪುಟದಿಂದ ಅದಕ್ಕೆ ಕೊಂಡಿ ಕೊಡಿ. ನಂತರ 'ಮೇಕ್ ಎಚ್‌ಟಿಎಂಎಲ್‌ಡಾಕ್ಸ್' ಆದೇಶ ಕೊಟ್ಟು, ನೀವು ಸೇರಿಸಿದ ಸಾಲುಗಳಿಂದ ಹೊಸ ಎಚ್ಚರಿಕೆ ಬಂದಿಲ್ಲವೆಂದು ಖಚಿತಪಡಿಸಿಕೊಳ್ಳಿ.

5. ಆಫ್ ಮಾಡುವ ದಾರಿಯನ್ನೂ ಹೇಳಿ

ಪರದೆ ಮಿನುಗುವ ದೋಷ ಬಂದಾಗ ಅನುಮಾನ ಡಿಸಿ ಸ್ಥಿತಿಗಳ ಮೇಲೂ ಬೀಳುತ್ತದೆ. 'ಎನೇಬಲ್ ಡಿಸಿ' (ಇಲ್ಲೂ ನಡುವೆ ಅಂಡರ್‌ಸ್ಕೋರ್) ಎಂಬ ಡ್ರೈವರ್ ಪ್ಯಾರಾಮೀಟರ್‌ಗೆ 0 ಕೊಟ್ಟರೆ ಡಿಸಿ5, ಡಿಸಿ6 ಸ್ಥಿತಿಗಳು ಬಂದ್. 1 ಕೊಟ್ಟರೆ ಡಿಸಿ5ರವರೆಗೆ, 2 ಕೊಟ್ಟರೆ ಡಿಸಿ6ರವರೆಗೆ ಅನುಮತಿ. -1 ಎಂದರೆ ಡ್ರೈವರ್‌ನದೇ ಆಯ್ಕೆ. ದೋಷ ಹುಡುಕಲು ಇದು ಸಾಕು. ಆದರೆ 0 ಇಟ್ಟೇ ಮರೆತರೆ ಬ್ಯಾಟರಿ ಬೇಗ ಇಳಿಯುತ್ತದೆ ಎಂದೂ ಬರೆಯಿರಿ.

6. ಕಳುಹಿಸುವ ಮುನ್ನ

'ಚೆಕ್‌ಪ್ಯಾಚ್' ಸ್ಕ್ರಿಪ್ಟ್‌ನಿಂದ ಪ್ಯಾಚ್ ಪರೀಕ್ಷಿಸಿ. ಯಾರಿಗೆ ಕಳುಹಿಸಬೇಕೆಂಬುದನ್ನು 'ಗೆಟ್ ಮೇಂಟೇನರ್' ಸ್ಕ್ರಿಪ್ಟ್ ಹೇಳುತ್ತದೆ. 'ಸೈನ್ಡ್ ಆಫ್ ಬೈ' ಸಾಲು ಇಲ್ಲದ ಪ್ಯಾಚ್ ಸ್ವೀಕಾರವಾಗುವುದಿಲ್ಲ. ಯಾವ ಚಿಪ್, ಯಾವ ಕರ್ನಲ್ ಆವೃತ್ತಿಯಲ್ಲಿ ನೋಡಿ ಬರೆದಿರಿ ಎಂಬುದನ್ನೂ ತಿಳಿಸಿ.

ಚಿಪ್‌ನ ಪೀಳಿಗೆ ಬದಲಾದಂತೆ ಸ್ಥಿತಿಗಳೂ ಬದಲಾಗುತ್ತವೆ. ಟೈಗರ್ ಲೇಕ್ ಬಂದಾಗ ಡಿಸಿ3ಸಿಒ ಎಂಬ ಹೊಸದೊಂದು ಸೇರಿತು, 'ಎನೇಬಲ್ ಡಿಸಿ' ಪ್ಯಾರಾಮೀಟರ್‌ಗೆ 3 ಮತ್ತು 4 ಎಂಬ ಮೌಲ್ಯಗಳೂ ಬಂದವು. ಹೊಸ ಸ್ಥಿತಿಯ ಕೋಡ್ ಯಾವ ಪ್ಯಾಚ್‌ನಲ್ಲಿ ಹೋಗುತ್ತದೋ, ಅದರ ವಿವರಣೆಯೂ ಅದೇ ಪ್ಯಾಚ್‌ನಲ್ಲಿ ಹೋಗಲಿ. ನಾಳೆ ಬರೆದರಾಯಿತು ಎಂದು ಬಿಡಬೇಡಿ.